ಹದಿನಾಲ್ಕನೇ ಪುಟದ ಒಂಟಿ ಕುರ್ಚಿ

ಚಿಕ್ಕ ಮನೆಗಳಿಗೆಂದೇ ಚಿಕ್ಕ ಸ್ಟೀರಿಯೊ ತಯಾರಿಸುವ ಘನ ಸಂಸ್ಥೆಯಲ್ಲಿ ಕುಳಿತು, ಅದರ ಕೈಪಿಡಿಯ ಹದಿನಾಲ್ಕನೇ ಪುಟವನ್ನು ಬರೆದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಕುಮಟೆಯಿಂದ ಶ್ರೀಗೌರಿ ಮಾಡುವ ಅನಂತ ನಮಸ್ಕಾರಗಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಶಾಲೆಯಲ್ಲಿ ಕಲಿಸಿದ ಕನ್ನಡ ಪತ್ರ ಒಂದೇ ಒಂದು, ಅದು ಮುಖ್ಯೋಪಾಧ್ಯಾಯಿನಿಯವರಿಗೆ ಬರೆಯುವ ರಜೆ ಅರ್ಜಿ. ಆದ್ದರಿಂದ ಈ ದೂರಿನ ನಡುವೆ ಎಲ್ಲಾದರೂ 'ಜ್ವರದ ನಿಮಿತ್ತ' ಎಂದು ಬಂದರೆ ತಾವು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು.

ತಮ್ಮ ಯಂತ್ರವನ್ನು ನಾವು ಸುಮ್ಮನೆ ಆರಿಸಿದ್ದಲ್ಲ. ನಾನು ಮತ್ತು ನನ್ನ ಗಂಡ ಶಿಶಿರ ಮೂರು ಭಾನುವಾರ ಮೂರು ಊರು ಸುತ್ತಿದ್ದೇವೆ. ಕುಮಟೆಯ ಅಂಗಡಿಯಲ್ಲಿ ತೋರಿಸಿದ ಜೋಡಿ ನನ್ನಷ್ಟೇ ಎತ್ತರವಿದ್ದು, ಹೊಟ್ಟೆಯಲ್ಲಿ ನೀಲಿ ದೀಪ ಹೊತ್ತಿಸಿಕೊಳ್ಳುತ್ತಿತ್ತು. ಅದನ್ನು ಒಳಗೆ ನಿಲ್ಲಿಸಿದರೆ ಮನೆಯ ನಾಲ್ವರೂ ಹೊರಗೆ ನಿಲ್ಲಬೇಕಾಗುತ್ತಿತ್ತು. ಹೊನ್ನಾವರದಲ್ಲಿ ಮದುವೆ ಮನೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ದಿನಕರ ನನ್ನ ತವರಿನವರಿಗೆ ಪರಿಚಿತ, ಅವನನ್ನು ಸಲಹೆ ಕೇಳಿದರೆ "ಶರಾವತಿ ಸೇತುವೆ ಮೇಲೆ ಕೇಳದಿದ್ರೆ ಅದೆಂತ ಸ್ಪೀಕರ್, ಅಕ್ಕಾ?" ಎಂದು ನಿಜವಾದ ಕನಿಕರದಿಂದ ನನ್ನನ್ನು ನೋಡಿದ. ಕೊನೆಗೆ ಭಟ್ಕಳದ ಅಂಗಡಿಯೊಂದರಲ್ಲಿ ಬಿಳಿ ಗಡ್ಡದ ಸಾಹೇಬರು ಚಹಾ ತರಿಸಿ, ಹಾಲ್ ಎಷ್ಟು ಉದ್ದ, ಎಷ್ಟು ಅಗಲ ಎಂದು ವಿಚಾರಿಸಿ, "ಅಷ್ಟು ಜಾಗಕ್ಕೆ ಇದೇ ಸಾಕು ಬೇಟಿ" ಎಂದು ಅವಲಕ್ಕಿ ಡಬ್ಬಿಯಷ್ಟಿರುವ ತಮ್ಮ ಎರಡು ಸ್ಪೀಕರುಗಳನ್ನು ಎದುರಿಗಿಟ್ಟರು. ಎರಡೇಕೆ ಎಂದು ಕೇಳಿದೆ. ಒಂದು ಎಡಕ್ಕೆ, ಒಂದು ಬಲಕ್ಕೆ ಎಂದರು. ನಾನು ಶಿಶಿರನನ್ನು ನೋಡಿದೆ, ಶಿಶಿರ ನನ್ನನ್ನು ನೋಡಿದ, ಆಯ್ಕೆ ಅಲ್ಲಿಗೆ ಮುಗಿಯಿತು. ಎಡದ್ದು ನನಗೆ, ಬಲದ್ದು ಅವನಿಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ ಮಾನ್ಯರೇ. ನಗಬೇಡಿ.

ಈ ಅರ್ಥಕ್ಕೊಂದು ಹಿನ್ನೆಲೆ ಇದೆ. ಮದುವೆಯಾಗಿ ಇಂದಿಗೆ ಎಪ್ಪತ್ತೆರಡು ದಿನ. ಈ ಅವಧಿಯಲ್ಲಿ ನಾವಿಬ್ಬರೂ ಹಾಲ್‌ನಲ್ಲಿ ಅಕ್ಕಪಕ್ಕ ಕುಳಿತದ್ದು ಒಮ್ಮೆ ಮಾತ್ರ, ಅದೂ ಸತ್ಯನಾರಾಯಣ ಪೂಜೆಗೆ, ಭಟ್ಟರ ಕಣ್ಣೆದುರು, ಬೆನ್ನು ಬಗ್ಗಿಸದೆ. ಒಟ್ಟಿಗೆ ಕೂರಬೇಡಿ ಎಂದು ಯಾರೂ ಹೇಳಿಲ್ಲ, ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಆದರೆ ಕಿಟಕಿ ಪಕ್ಕದ ಕುರ್ಚಿ ಮಾವನದು, ನಡುವಿನ ತೂಗುಯ್ಯಾಲೆ ಅತ್ತೆಯದು, ಬಾಗಿಲ ಬಳಿಯ ಬೆತ್ತದ ಮೋಡಾ ಶಿಶಿರನದು, ಸೋಫಾ ಬಂದವರದು. ನಾನು ಬಂದವಳೋ ಮನೆಯವಳೋ ಎಂಬುದು ಇನ್ನೂ ತೀರ್ಮಾನವಾಗದ ಕಾರಣ ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲುತ್ತೇನೆ. ಸ್ಟೀರಿಯೊ ಬಂದರೆ, ಹಾಡು ಕೇಳಲು ಇಲ್ಲೇ ಕೂರಬೇಕಂತೆ ಎಂಬ ನೆಪದಲ್ಲಿ ಇಬ್ಬರೂ ಒಂದೆಡೆ ಕೂರಬಹುದು ಎಂಬುದೇ ನನ್ನ ಇಡೀ ಸಂಚು.

ಅಷ್ಟರಲ್ಲಿ ತಮ್ಮ ಹದಿನಾಲ್ಕನೇ ಪುಟ ಬಂತು. ಆಹಾ, ಎಂಥ ಪುಟ! ಎರಡು ಸ್ಪೀಕರು ಮತ್ತು ಕೇಳುವವರ ತಲೆ, ಈ ಮೂರೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು, ಆ ಮೂರನೇ ಮೂಲೆಯಲ್ಲಿ ಒಂದೇ ಆಸನವಿರಬೇಕು, ಅದು ಅಲುಗಾಡಬಾರದು. ಕೆಳಗೆ ಚಿತ್ರ: ಖಾಲಿ ಕೋಣೆ, ಒಂಟಿ ಕುರ್ಚಿ, ಕಣ್ಣು ಮುಚ್ಚಿ ಕುಳಿತ ಒಬ್ಬ ಮನುಷ್ಯ. ಅವನಿಗೆ ಹೆಂಡತಿ ಇಲ್ಲ, ತಾಯಿ ಇಲ್ಲ, ಬಾಗಿಲಲ್ಲಿ ನಿಂತು ಸಕ್ಕರೆ ಕೇಳುವ ನೆರೆಯವರಿಲ್ಲ. ಇಷ್ಟು ಸುಖವಾಗಿರುವವನಿಗೆ ಸಂಗೀತವಾದರೂ ಯಾತಕ್ಕೆ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ನನ್ನ ಮಾವ ನಾಗಪತಿ ಹೆಗಡೆಯವರು ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಜಮೀನು ಅಳೆದು ನಿವೃತ್ತರಾದವರೆಂಬುದು ತಮಗೆ ತಿಳಿದಿರಲಿಕ್ಕಿಲ್ಲ. ತಿಳಿದಿದ್ದರೆ ತಾವು ಆ ಪುಟವನ್ನು ಹರಿದು ಕಳಿಸುತ್ತಿದ್ದಿರಿ. ಅವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, "ಬರದವ ತಿಳದವ ಇದ್ದ" ಎಂದು ತಮಗೆ ಪ್ರಮಾಣಪತ್ರ ಕೊಟ್ಟು, ಅಟ್ಟದಿಂದ ಹಳೆಯ ಅಳತೆ ಟೇಪು ಇಳಿಸಿ, ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಎಳೆದರು. ಮೂರನೇ ಮೂಲೆ ಸರಿಯಾಗಿ ಅತ್ತೆಯ ಉಯ್ಯಾಲೆಗೆ ಬಂತು. ಉಯ್ಯಾಲೆ ಅಲುಗುತ್ತದೆ, ಆಸನ ಅಲುಗಬಾರದು. ಮಾವ ತೆಂಗಿನ ಹಗ್ಗ ತಂದು ಉಯ್ಯಾಲೆಯನ್ನು ಕಿಟಕಿಯ ಸರಳಿಗೆ ಬಿಗಿದರು. ಮೂವತ್ತನಾಲ್ಕು ವರ್ಷ ಅದರ ಮೇಲೆ ತೂಗುತ್ತಲೇ ಬಸಳೆ ಸೋಸಿದ ನನ್ನ ಅತ್ತೆ ಮಹಾಲಕ್ಷ್ಮೀಯವರು "ಎಂತಕ್ಕೆ ಕಟ್ಟಿ ಹಾಕಿದ್ದು? ಅದೆಂತ ದನವಾ?" ಎಂದು ಕೇಳಿ, ಬಸಳೆ ಬುಟ್ಟಿಯೊಂದಿಗೆ ಹಿತ್ತಲಿಗೆ ಹೋದವರು ಎರಡು ದಿನ ಹಾಲ್‌ಗೆ ಕಾಲಿಡಲಿಲ್ಲ.

ಆಮೇಲೆ ವೇಳಾಪಟ್ಟಿ ಬಂತು. ಆಸನ ಒಂದೇ ಆದ್ದರಿಂದ ಪಾಳಿಯ ಮೇಲೆ ಕೇಳತಕ್ಕದ್ದು: ಸಂಜೆ ಆರರಿಂದ ಮಾವ, ಆರೂವರೆಗೆ ಶಿಶಿರ, ಆರೂ ಮುಕ್ಕಾಲಿಗೆ ನಾನು. ಹೀಗೆ, ಹೆಂಡತಿಯ ಪಕ್ಕ ಕೂರಲೆಂದು ಸ್ಟೀರಿಯೊ ಹೊತ್ತು ತಂದ ನನ್ನ ಗಂಡ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವನಂತೆ ದಿನಾ ಆರೂ ಮುಕ್ಕಾಲಿಗೆ ಎದ್ದು ನಿಲ್ಲುತ್ತಾನೆ, ನಾನು ಥ್ಯಾಂಕ್ಸ್ ಎಂದು ಕೂರುತ್ತೇನೆ. ಒಮ್ಮೆ ಅವನು ಧೈರ್ಯ ಮಾಡಿ ನನ್ನ ಪಕ್ಕ ಅರ್ಧ ಕೂತಾಗ ಮಾವ ಪತ್ರಿಕೆಯ ಮರೆಯಿಂದಲೇ "ಮೂಲೆ ತಪ್ತು, ಅಪ್ಪೀ" ಎಂದರು. ತಮ್ಮ ಜ್ಞಾನದ ಪ್ರಭಾವ ಎಲ್ಲಿಯವರೆಗೆ ತಲುಪಿದೆ ಎಂದು ನೋಡಿದಿರಾ!

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ಉಯ್ಯಾಲೆ ಮುಂದೆ ಬಂದಾಗ ಹಿಂದೆ ಸರಿದು, ಹಿಂದೆ ಹೋದಾಗ ಮುಂದೆ ಬರುವ, ಸಣ್ಣ ಚಕ್ರಗಳಿರುವ ಸ್ಪೀಕರುಗಳನ್ನು ತಾವು ಕೂಡಲೇ ಕಂಡುಹಿಡಿಯಬೇಕು. ಅದು ಕಷ್ಟವಾದರೆ ನಾಲ್ಕು ಮೂಲೆಗಳಿರುವ ತ್ರಿಕೋನವೊಂದನ್ನು ಅಂಚೆಯಲ್ಲಿ ಕಳಿಸಬಹುದು. ಅದೂ ಆಗದಿದ್ದರೆ, ಹೊಸದಾಗಿ ಮದುವೆಯಾದವರನ್ನು ವಿಜ್ಞಾನದ ದೃಷ್ಟಿಯಿಂದ ಒಂದೇ ತಲೆ ಎಂದು ಪರಿಗಣಿಸತಕ್ಕದ್ದು ಎಂದು ಸಂಸ್ಥೆಯ ಮೊಹರು ಒತ್ತಿ ಮಾವನಿಗೆ ಒಂದು ಸಾಲು ಬರೆದರೂ ಸಾಕು, ನಾನದನ್ನು ಫ್ರೇಮ್ ಹಾಕಿಸುತ್ತೇನೆ.

ಇಷ್ಟು ಬರೆದು ಶನಿವಾರವೇ ಅಂಚೆಗೆ ಹಾಕಬೇಕಿತ್ತು. ಹಾಕದೆ ಉಳಿದದ್ದರಿಂದ ಭಾನುವಾರದ ಸಂಗತಿಯನ್ನೂ ತಿಳಿಸಬೇಕಾಗಿದೆ.

ಭಾನುವಾರ ನಾವಿಬ್ಬರೂ ಬೈಕಿನಲ್ಲಿ ತದಡಿಗೆ ಹೋಗಿ, ದೋಣಿಗಳನ್ನು ನೋಡಿ, ಪಾಳಿ ತಪ್ಪುತ್ತದೆಂದು ಆರೂವರೆಯೊಳಗೆ ಮರಳಿದೆವು. ಗೇಟಿನವರೆಗೂ ಯಕ್ಷಗಾನದ ಭಾಗವತಿಕೆ ಕೇಳುತ್ತಿತ್ತು. ಒಂದು ಚಪ್ಪಲಿ ಬಿಚ್ಚಿ ಒಳಗೆ ಇಣುಕಿದರೆ, ಹಗ್ಗ ನೆಲದ ಮೇಲೆ ಬಿದ್ದಿತ್ತು, ತ್ರಿಕೋನದ ಅರ್ಧ ಭಾಗ ಅಳಿಸಿಹೋಗಿತ್ತು, ಉಯ್ಯಾಲೆಯ ಮೇಲೆ ಎಡಕ್ಕೆ ಮಾವ, ಬಲಕ್ಕೆ ಅತ್ತೆ. ಮಾವನ ಬಲಗಿವಿ ಮಂದವಾಗಿ ಎಷ್ಟೋ ವರ್ಷವಾಯಿತಂತೆ. ಅವರು ಯಾರಿಗೂ ಹೇಳಿರಲಿಲ್ಲ, ಅತ್ತೆಗೆ ಯಾರೂ ಹೇಳಬೇಕಾಗಿರಲಿಲ್ಲ. "ಬಲಗಡೆದು ನಿಮಗೆ ಕೇಳ್ತಿಲ್ಲೆ. ಸುಮ್ಮಂಗಿರಿ, ನಾ ಕೇಳಿ ಹೇಳ್ತೆ," ಎನ್ನುತ್ತಿದ್ದರು ಅತ್ತೆ. ಚಂಡೆ ಬಂದಾಗಲೆಲ್ಲ "ಈಗ ಚಂಡೆ" ಎಂದು ಮಾವನ ಮಂಡಿ ಮೇಲೆ ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. ಉಯ್ಯಾಲೆ ಮೆಲ್ಲಗೆ ತೂಗುತ್ತಿತ್ತು, ಮತ್ತು ನೆಲಕ್ಕೆ ಕಾಲು ಕೊಟ್ಟು ಅದನ್ನು ತೂಗುತ್ತಿದ್ದವರು ಮಾನ್ಯ ಸರ್ವೆಯರ್ ಸಾಹೇಬರು.

ಎಡದ್ದು ಒಬ್ಬರಿಗೆ, ಬಲದ್ದು ಒಬ್ಬರಿಗೆ. ಭಟ್ಕಳದ ಅಂಗಡಿಯಲ್ಲಿ ನಾನು ಅರ್ಥ ಮಾಡಿಕೊಂಡದ್ದು ಸರಿಯೇ ಇತ್ತಲ್ಲ ಮಾನ್ಯರೇ!

ಒಳಗೆ ಹೋಗಲು ನಮಗೆ ಮನಸ್ಸಾಗಲಿಲ್ಲ. ಶಿಶಿರ ಹೊರಗಿನ ಮೆಟ್ಟಿಲ ಮೇಲೆ ಕುಳಿತ, ನಾನು ಅವನ ಪಕ್ಕ ಕುಳಿತೆ. ಮೆಟ್ಟಿಲು ಕಿರಿದು, ಭುಜಕ್ಕೆ ಭುಜ ತಾಗದೆ ಇಬ್ಬರು ಕೂರುವುದು ಅಸಾಧ್ಯ. ಅಲ್ಲಿಗೆ ಸ್ಪೀಕರುಗಳ ಬೆನ್ನು ಮಾತ್ರ ಕಾಣುತ್ತದೆ, ಹಾಡಿನಲ್ಲಿ ಮುಕ್ಕಾಲು ಪಾಲು ಗೋಡೆಯೇ ಕೇಳಿಸಿಕೊಳ್ಳುತ್ತದೆ. ತಮ್ಮ ಪುಟದ ಪ್ರಕಾರ ಇಡೀ ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಅಂದಿನಿಂದ ದಿನಾ ಸಂಜೆ ಅಲ್ಲೇ ಕೂರುತ್ತೇವೆ. ನಿನ್ನೆ ಅತ್ತೆ ಚಹಾವನ್ನು ಎರಡು ಲೋಟದಲ್ಲಿ ಮೆಟ್ಟಿಲಿಗೇ ತಂದುಕೊಟ್ಟು, "ಒಳಗೆ ಜಾಗ ಇಲ್ಲೆ, ತಂಗೀ" ಎಂದು ನಕ್ಕು ಹೋದರು.

ಆದಕಾರಣ ದಯವಿಟ್ಟು ಯಾವುದೇ ಪರಿಹಾರವನ್ನು ಒದಗಿಸಬೇಡಿ. ನಮ್ಮ ಜಾಗದ ಧ್ವನಿ ಸುಧಾರಿಸಲೆಂದು ತಂತ್ರಜ್ಞರನ್ನು ಕಳಿಸಿದರೆ, ಅವರನ್ನು ಗೇಟಿನಿಂದಲೇ, ಅತ್ಯಂತ ಗೌರವಪೂರ್ವಕವಾಗಿ, ವಾಪಸು ಕಳಿಸಲಾಗುವುದು.

ಇಂತಿ, ಎಡ ಸ್ಪೀಕರಿನ ಕಡೆಯಿಂದ,
ತಮ್ಮ ವಿಶ್ವಾಸಿ,
ಶ್ರೀಗೌರಿ

ತಾ.ಕ.: ತಮ್ಮ ಚಿತ್ರವನ್ನು ಮಾವ ಸ್ಕೇಲು ಇಟ್ಟು ಅಳೆದಿದ್ದಾರೆ. ಒಂಟಿ ಕುರ್ಚಿಯ ಬಲಕ್ಕೆ ಒಂದು ಅಡಿ ಒಂಬತ್ತು ಅಂಗುಲ ಜಾಗ ಖಾಲಿ ಬಿದ್ದಿದೆಯಂತೆ. ಕಣ್ಣು ಮುಚ್ಚಿ ಕುಳಿತಿರುವುದರಿಂದ ಆ ಮನುಷ್ಯನಿಗೆ ಗೊತ್ತಾಗಿಲ್ಲ, ತಾವಾದರೂ ಹೇಳಿ.