ಅತ್ತೆಯ ವಿಮಾನ

ನಮ್ಮ ಸೋದರತ್ತೆಗೆ ಸ್ವಂತದ್ದೊಂದು ವಿಮಾನವಿತ್ತು. ನಗಬೇಡಿ. ಶಿಡ್ಲಘಟ್ಟದ ಹೆಂಚಿನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ವಿಧವೆಗೆ ವಿಮಾನ ಎಲ್ಲಿಂದ ಬಂತು ಅಂದರೆ, ಬೆಂಗಳೂರಿನಿಂದ ಬಂತು. ದಿನಾ ಬೆಳಿಗ್ಗೆ, ಹೈದರಾಬಾದಿಗೆ ಹೋಗುವ ದಾರಿಯಲ್ಲಿ, ಅವರ ಮನೆಯ ಮೇಲೆ. ಅದರ ಸದ್ದು ಕೇಳಿದ ಮೇಲೆಯೇ ಅತ್ತೆ ಹುಳುಗಳಿಗೆ ಬೆಳಗಿನ ಸೊಪ್ಪು ಹಾಕುತ್ತಿದ್ದದ್ದು.

ರೇಷ್ಮೆಗೂಡಿನ ವ್ಯಾಪಾರಿಯಾದ ನನಗೆ ಇದು ಸರಿಬರಲಿಲ್ಲ. ಹುಳುವಿನ ಹಸಿವನ್ನು ಪರರ ವಾಹನಕ್ಕೆ ಕಟ್ಟಬಾರದು. ಚಿಕ್ಕಪೇಟೆಯಲ್ಲಿ ಮೂರು ಅಂಗಡಿ ಹತ್ತಿ ಇಳಿದು, ನಾಲ್ಕನೆಯದರಲ್ಲಿ ಚೌಕಾಸಿ ಮಾಡಿ ಗೋಡೆ ಗಡಿಯಾರ ತಂದುಕೊಟ್ಟೆ. (ನೀವೂ ಕೊಳ್ಳುವುದಾದರೆ ಮೊದಲ ಅಂಗಡಿಯಲ್ಲಿ ಬೆಲೆ ಕೇಳಿ ಸುಮ್ಮನೆ ಎದ್ದುಬನ್ನಿ.) ಅತ್ತೆ ಅದನ್ನು ತಿರುಗಿಸಿ ನೋಡಿದರು.

"ಇದಕ್ಕೆ ಕೀಲಿ ಕೊಡೋರು ಯಾರೋ?"

"ನೀವೇ, ಅತ್ತೆ."

"ನಾನು ಕೀಲಿ ಕೊಟ್ಟು, ಅದು ನನಗೆ ಹೊತ್ತು ಹೇಳುತ್ತಾ? ಎತ್ತಿಡಪ್ಪ."

ಅಸಲು ಸಂಗತಿ ಊರಿಗೆಲ್ಲ ಗೊತ್ತಿತ್ತು. ಅವರ ಒಬ್ಬನೇ ಮಗ, ಹುಳು ಸಾಕಲಾರೆನೆಂದು ಜಗಳವಾಡಿ ಹೋದವನು, ಆ ವಿಮಾನ ಏಳುವ ಬೆಂಗಳೂರಿನ ನಿಲ್ದಾಣದಲ್ಲೇ ಫಿಟ್ಟರ್ ಆಗಿದ್ದ. ಹೊಸ್ತಿಲು ದಾಟಿದರೆ ತಿರುಗಿ ಬರಬೇಡ ಎಂದಿದ್ದವರು ಅತ್ತೆಯೇ. ಅಂದಿನಿಂದ ಅವನ ಹೆಸರೆತ್ತಿದವರಲ್ಲ. ವಿಮಾನವನ್ನು ಮಾತ್ರ ವಿಚಾರಿಸಿಕೊಳ್ಳುತ್ತಿದ್ದರು.

ನಿಲ್ದಾಣದ ಬಗ್ಗೆ ಅವರದೇ ಒಂದು ಚರಿತ್ರೆಯಿತ್ತು. ಮೊದಮೊದಲು ಅದು ಬೇಲಿಯೊಳಗಿನ ವಿಮಾನ ಕಾರ್ಖಾನೆಯ ಜಾಗ. ಅಲ್ಲಿ ರಿಪೇರಿಯಾದ ವಿಮಾನಗಳು ನಂದಿಬೆಟ್ಟದವರೆಗೆ ಬಂದು ಹಿಂತಿರುಗುತ್ತಿದ್ದವು. "ಸುಮ್ನೆ ಬರೋದು, ಸುಮ್ನೆ ಹೋಗೋದು. ಮನೆ ಅಳಿಯನ ಥರ" ಎನ್ನುತ್ತಿದ್ದರು ಅತ್ತೆ. ಆಮೇಲೆ ಟಿಕೆಟ್ಟಿನ ಜನ ಬಂದರು, ಅವರನ್ನು ಕಳಿಸಿಕೊಡಲು ಹಾರ ಹಿಡಿದವರು ಬಂದರು. "ಈಗ ನೋಡು, ಜವಾಬ್ದಾರಿ ಬಿತ್ತು. ಹೊತ್ತಿಗೆ ಸರಿಯಾಗಿ ಏಳುತ್ತೆ." ಹೊಗಳಿದ್ದು ವಿಮಾನವನ್ನೋ ಇನ್ನಾರನ್ನೋ, ನಾನು ಕೇಳಲಿಲ್ಲ.

ಒಂದು ದಿನ ಅದು ತಡವಾದಾಗ ನನ್ನಿಂದ ಕಾರ್ಡು ಬರೆಸಿದರು: "ಹುಳು ಹಸಿದವು. ಹೊತ್ತಿಗೆ ಸರಿಯಾಗಿ ಕಳಿಸುವುದು."

"ಯಾರ ಹೆಸರಿಗೆ ಅತ್ತೆ?"

"ಅಲ್ಲಿ ಅದಕ್ಕೆ ಎಣ್ಣೆ ಹಾಕ್ತಾರಲ್ಲ, ಅವರಿಗೆ."

ಹೆಸರನ್ನು ನಾನೇ ತುಂಬಿ ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ, ವಿಮಾನ ಸರಿಯಾದ ಹೊತ್ತಿಗೆ ಬಂತು. ಅತ್ತೆಗೆ ಅದೇ ಉತ್ತರ.

ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ನಿಲ್ದಾಣಕ್ಕೆ ಬಂದೂಕಿನ ಕಾವಲು. ಬೆಳಗಿನ ವಿಮಾನ ನಿಂತುಹೋಯಿತು. ಕೆಲಸ ಬಲ್ಲವರನ್ನೆಲ್ಲ ಗಡಿಯ ಕಡೆಗೆ ಕಳಿಸುತ್ತಿದ್ದಾರಂತೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಾತು. ಅತ್ತೆ ವಿಮಾನದ ಸದ್ದಿಲ್ಲದೆಯೂ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿದರು. ತಾವು ಮಾತ್ರ ಉಣ್ಣಲಿಲ್ಲ.

ನಾನು ಬೆಂಗಳೂರಿಗೆ ಹೋದೆ. ನಿಲ್ದಾಣದ ಗೇಟಿನ ಕಾವಲಿನವನ ಹತ್ತಿರ, ಒಳಗೆ ಬಿಡಿ ಎಂದು ಶುರುಮಾಡಿದೆ. ಬಿಡದಿದ್ದರೆ ಬೇಡ, ನಮ್ಮ ಅತ್ತೆಯ ಮಗ ಇದ್ದಾನಾ ಇಲ್ಲವಾ ಹೇಳಿ ಎಂದು ಇಳಿದೆ. ಬಾಯಿ ಬಿಡಬೇಡಿ, ತಲೆಯಾಡಿಸಿದರೂ ಸಾಕು ಎಂದು ಇನ್ನೂ ಇಳಿದೆ. ಅವನು ಮಿಸುಕಲಿಲ್ಲ. ಬದುಕಿನಲ್ಲಿ ನಾನು ಬರಿಗೈಯಲ್ಲಿ ಎದ್ದುಬಂದ ವ್ಯಾಪಾರ ಅದೊಂದೇ.

ಊರಿಗೆ ಬಂದು ಸುಳ್ಳು ಹೇಳಿದೆ. "ನೋಡ್ಕೊಂಡು ಬಂದೆ ಅತ್ತೆ. ಚೆನ್ನಾಗಿದಾನೆ."

"ಸಣ್ಣಗಾಗಿದಾನಾ?"

"ಇಲ್ಲ ಇಲ್ಲ."

"ಹಾಗಾದ್ರೆ ನೀನು ನೋಡಿಲ್ಲ ಬಿಡು."

ಯುದ್ಧ ಮುಗಿದು ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ನಾನು ಗೂಡಿನ ಬೆಲೆ ಮಾತಾಡಲು ಹೋಗಿ ಜಗಲಿಯಲ್ಲಿ ಕೂತಿದ್ದಾಗ ಆ ಸದ್ದು ಕೇಳಿತು. ಅತ್ತೆ ಸೊಪ್ಪಿನ ಮಂಕರಿ ಹಿಡಿದವರು ಹಾಗೆಯೇ ಅಂಗಳಕ್ಕೆ ಬಂದರು. ವಿಮಾನ ಚುಕ್ಕೆಯಾಯಿತು, ಚುಕ್ಕೆಯೂ ಹೋಯಿತು. ಒಳಗೆ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಕಾಯುತ್ತಿದ್ದವು. ಅತ್ತೆ ಕದಲಲಿಲ್ಲ.

"ಹೊತ್ತಾಯ್ತು ಅತ್ತೆ. ಹುಳು ಹಸಿದಿವೆ."

"ಹೂಂ" ಎಂದರು. ಆಕಾಶವನ್ನೇ ನೋಡುತ್ತಾ ಕೇಳಿದರು: "ಅಷ್ಟು ಬೇಗ ಎದ್ದು ಅದನ್ನ ಕಳಿಸಬೇಕಲ್ಲಪ್ಪ. ಅವನು ಏನಾದ್ರೂ ತಿಂದಿರ್ತಾನೇನೋ?"

ಮಂಕರಿಯನ್ನು ಅವರ ಕೈಯಿಂದ ಬಿಡಿಸಿಕೊಂಡು, ಹುಳುಗಳಿಗೆ ಸೊಪ್ಪು ಹಾಕಲು ನಾನೇ ಒಳಗೆ ಹೋದೆ.