ಭಾವ ತಂದ ಕಿತ್ತಳೆ ಪೆಟ್ಟಿಗೆ

ಕಿತ್ತಳೆಯ ಮೇಲೆ ನನಗೆ ದ್ವೇಷವಿಲ್ಲ. ಅದರ ಗುಣಗಾನ ಮಾಡುವವರನ್ನು ಕಂಡರೆ ಮೈ ಉರಿಯುತ್ತದೆ. ವಾಟ್ಸಾಪ್ ಬಂದ ಮೇಲಂತೂ, ಶಾಲೆಯ ವಿಜ್ಞಾನದ ಪಿರಿಯಡ್ಡಿನಲ್ಲಿ ಗೊರಕೆ ಹೊಡೆದವರೆಲ್ಲ ಬೆಳಿಗ್ಗೆ ಎದ್ದು ಊರವರ ಹೃದಯ, ಚರ್ಮ, ರಕ್ತದ ಜವಾಬ್ದಾರಿ ಹೊತ್ತುಕೊಳ್ಳುತ್ತಾರೆ. ಅಂಥ ಗ್ರೂಪುಗಳ ಪೈಕಿ ಅತ್ಯಂತ ಚುರುಕಾದದ್ದರಲ್ಲಿ ನನ್ನ ಹೆಂಡತಿ ಶೈಲಾ ಇದ್ದಾಳೆ.

ಕೊಲ್ಲಿ ನಾಡಿನ ಅಲ್ ಬರ್ಷಾದ ನಮ್ಮ ಫ್ಲಾಟಿನಲ್ಲಿ ಗಲಾಟೆ ಶುರುವಾದದ್ದು ನನ್ನ ಒಂದು ನೆಗಡಿಯಿಂದ. ಆಫೀಸಿನ ಏಸಿ ಕೆಳಗೆ ಕೂತವನಿಗೆ ನೆಗಡಿಯಾಗದೆ ಇನ್ನೇನಾಗಬೇಕು? ಆದರೆ ಶೈಲಾ ಅದನ್ನು ವಿಟಮಿನ್ ಸಿ ಕೊರತೆ ಎಂದು ತೀರ್ಮಾನಿಸಿ, ಕಾರಿನಲ್ಲಿ ಒಂದೂವರೆ ಗಂಟೆ ದೂರದ ಮದೀನತ್ ಜಾಯೆದ್‌ನಲ್ಲಿ ಕೆಲಸದಲ್ಲಿದ್ದ ತನ್ನ ಅಣ್ಣ ಸದಾನಂದನಿಗೆ ಫೋನು ಮಾಡಿದಳು. ಇಲ್ಲಿನ ಶುಕ್ರವಾರ-ಶನಿವಾರದ ರಜೆಗೆಂದು ಪ್ರತಿ ಗುರುವಾರ ಸಂಜೆ ನಮ್ಮಲ್ಲಿಗೆ ಬರುವ ಈ ಭಾವ, ದಾರಿ ಬಿಟ್ಟು ಅಲ್ ಮೀನಾ ಮಾರುಕಟ್ಟೆಗೆ ಹೋಗಿ ಒಂದು ಪೆಟ್ಟಿಗೆ ಕಿತ್ತಳೆ ಹೊತ್ತು ತಂದರು. ಬಾಗಿಲಲ್ಲಿ ಮೊದಲು ಅವರ ಹೊಟ್ಟೆ ಕಾಣಿಸಿತು, ಅದರ ಮೇಲೆ ಪೆಟ್ಟಿಗೆ, ಆಮೇಲೆ ಮುಖ.

"ಭಾವ, ಇದರ ಬಿಳಿ ನಾರು ಉಂಟಲ್ಲ, ಅದನ್ನು ಬಿಸಾಡ್ಲಿಕ್ಕಿಲ್ಲ. ಹೊಟ್ಟೆ ಕರಗ್ತದೆ" ಎಂದರು. ಆ ಹೊಟ್ಟೆಯನ್ನು ಎದುರಿಗಿಟ್ಟುಕೊಂಡೇ ಹೇಳಿದರು.

ಮರುದಿನದಿಂದ ಬೆಳಗಿನ ಚಹಾ ಖಲಾಸ್. ಖಾಲಿ ಹೊಟ್ಟೆಗೆ ಕಿತ್ತಳೆ ರಸ, ಮಧ್ಯಾಹ್ನ ಡಬ್ಬಿಯಲ್ಲಿ ಸುಲಿದ ತೊಳೆ, ರಾತ್ರಿ ಸಿಪ್ಪೆಯ ಗೊಜ್ಜು. ಎರಡನೇ ಪೆಟ್ಟಿಗೆ ಬರುವ ಹೊತ್ತಿಗೆ ನೆಗಡಿ ತನ್ನಷ್ಟಕ್ಕೆ ಹೋಗಿತ್ತು. ಅದರ ಕೀರ್ತಿಯೂ ಕಿತ್ತಳೆಗೇ ಹೋಯಿತು. ನನಗೆ ಉಳಿದದ್ದು ಹುಳಿತೇಗು.

"ಎದೆ ಉರಿಯುತ್ತದೆ ಮಾರಾಯ್ತಿ" ಎಂದೆ.

"ಒಳಗಿನ ವಿಷ ಹೊರಗೆ ಹೋಗುವಾಗ ಹಾಗೇ ಆಗುದಂತೆ. ಗ್ರೂಪಿನಲ್ಲಿ ಬಂದಿದೆ" ಎಂದಳು ಶೈಲಾ. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ಜಸ್ಟ್ ಈಟ್ ಇಟ್" ಎಂದಳು.

ಶನಿವಾರ ಬೆಳಿಗ್ಗೆ ಕಾರು ತೊಳೆಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ, ಮೆಟ್ರೋ ಪಕ್ಕದ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಮೂಲೆಯ ಕುರ್ಚಿಯಲ್ಲಿ ಎದೆ ನೀವಿಕೊಳ್ಳುತ್ತ ಕೂತಿದ್ದವರು, ಕ್ಷೌರಕ್ಕೆಂದು ನಮ್ಮ ಮನೆಯಿಂದ ಹೊರಟಿದ್ದ ಸದಾನಂದ ಭಾವ. ಅವರೂ ಪ್ರತಿ ವಾರಾಂತ್ಯ ತಂಗಿಯ ಕೈಯ ರಸ ಕುಡಿಯುತ್ತಿದ್ದರು. ಹೋಗುವಾಗ ಚೀಲ ತುಂಬ ಹಣ್ಣನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಗೋಡೆಯ ಟೀವಿಯತ್ತ ತಿರುಗಿದೆವು.

ಮಲಯಾಳಿ ಡಾಕ್ಟರು ಇಬ್ಬರಿಗೂ ಒಂದೇ ಮಾತು ಹೇಳಿದರು: ಹಣ್ಣು ಒಳ್ಳೆಯದೇ, ಊಟದ ನಂತರ ಒಂದು ತಿನ್ನಿ; ಈಗ ಉರಿ ಶಮನವಾಗುವವರೆಗೆ ಅದೂ ಬೇಡ.

"ಇದನ್ನು ಶೈಲಾಳಿಗೆ ನೀವೇ ಹೇಳಿ ಭಾವ" ಎಂದೆ ಲಿಫ್ಟಿನಲ್ಲಿ. "ನೀವು ಅವಳನ್ನು ಚಿಕ್ಕಂದಿನಿಂದ ನೋಡಿದವರು."

"ನೋಡಿದ್ದೇನಲ್ಲ, ಹಾಗಾಗಿಯೇ ನೀವು ಹೇಳಿ ಅಂತ ಹೇಳುದು ನಾನು."

ಕೊನೆಗೆ ನಾನೇ ಹೇಳುವುದೆಂದು ನಿಶ್ಚಯವಾಯಿತು. ವಾಟ್ಸಾಪ್ ವೈದ್ಯದ ಬಗ್ಗೆ ನನ್ನೊಳಗಿದ್ದ ತಿರಸ್ಕಾರವನ್ನೆಲ್ಲ ಒಟ್ಟುಗೂಡಿಸಿ, ಕಟುವಾದ ಎರಡು ವಾಕ್ಯ ಸಿದ್ಧಮಾಡಿಕೊಂಡು ಬಾಗಿಲು ತೆರೆದೆ. ಶೈಲಾ ಎರಡು ದೊಡ್ಡ ಲೋಟ ಕಿತ್ತಳೆ ರಸ ಹಿಡಿದು ನಿಂತಿದ್ದಳು.

"ಬಿಸಿಲಲ್ಲಿ ಬಂದಿದ್ದೀರಿ, ಕುಡೀರಿ. ಹೇಗುಂಟು?"

ಭಾವ ನನ್ನ ಮುಖ ನೋಡಿದರು. ನಾನು ಒಂದೇ ಉಸಿರಿಗೆ ಲೋಟ ಖಾಲಿ ಮಾಡಿ, "ಸಿಹಿ ಉಂಟು. ಭಾವನಿಗೆ ಇನ್ನೊಂದು ಲೋಟ ಕೊಡು" ಎಂದೆ.