ಮಾಮಾನ ಕೂಡಂಚೆ ಯಂತ್ರ

“ಇನ್ನ ಮ್ಯಾಲೆ ನಿಮ್ಮ ಸಂಘದ ಒಂದ ಇ-ಮೇಲೂ ಕೊಳಿಯೂದಿಲ್ಲ,” ಎಂದು ನಮ್ಮವ್ವನ ತಮ್ಮ ಶಿವಪುತ್ರ ಮಾಮಾ ತನ್ನ ಹೊಸ ಯಂತ್ರದ ತಲೆ ನೇವರಿಸಿದ. ಹಳೇ ಏರ್‌ಕೂಲರಿನ ಮೈ, ಅದರದೇ ಗಾಲಿ, ನೆತ್ತಿಯ ಮೇಲೆ ಬಸ್ಸಿನ ಹಾರ್ನು. ಹೆಸರು ‘ಕೂಡಂಚೆ’: ಎಲ್ಲರೂ ಕೂಡಿ ಇಟ್ಟುಕೊಂಡ ಅಂಚೆಯನ್ನು ಓದಿ ತಕ್ಕವರಿಗೆ ಕಳಿಸುವುದು ಅದರ ಕೆಲಸ.

ನಾವು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿಯರು. ಸಂಘಕ್ಕೊಂದು ಇನ್‌ಬಾಕ್ಸ್ ತೆರೆದು ಪಾಸ್‌ವರ್ಡನ್ನು ಎಲ್ಲರಿಗೂ ಹಂಚಿದ್ದೆವು. ಎಲ್ಲರದೂ ಆದ್ದರಿಂದ ಯಾರೂ ನೋಡುತ್ತಿರಲಿಲ್ಲ. ಬೇಡಿಕೆ ಒಂದೇ: ಗಂಡುಹುಡುಗರಿಗೆ ರಾತ್ರಿ ಒಂಬತ್ತರವರೆಗೆ ತೆರೆದಿರುವ ಗ್ರಂಥಾಲಯದಿಂದ ನಮ್ಮನ್ನು ಆರಕ್ಕೇ ಹೊರಹಾಕುವುದು ನಿಲ್ಲಬೇಕು. ಹೊಸ ವರ್ಷದ ವೇಳಾಪಟ್ಟಿಗೆ ಅಂದೇ ಕೊನೆಯ ದಿನ; ಸಂಜೆಯೊಳಗೆ ಮನವಿ ಕುಲಪತಿಗಳಿಗೆ ಮುಟ್ಟದಿದ್ದರೆ ಮತ್ತೊಂದು ವರ್ಷ ಅದೇ ಗತಿ.

“ಮಾಮಾ, ಇದಕ್ಕ ಬುದ್ಧಿ ಎಲ್ಲಿಂದ ತುಂಬೀರಿ?” ಎಂದು ಗೆಳತಿ ನೂರಿ ಕೇಳಿದಳು.

“ಆಡಳಿತ ಭವನದವರು ಹಳೇ ಫೈಲು ಗುಜರಿಗೆ ಹಾಕಿದ್ರಲ್ಲ, ಅವನ್ನೆಲ್ಲಾ ಓದಿಸೀನಿ.”

“ಸತ್ತ್ವಿ ಬಿಡ,” ಎಂದಳು ನೂರಿ.

ಹಾರ್ನು ಮೊಳಗಿತು. ಯಂತ್ರ ನಮ್ಮ ಮನವಿ ಓದಿ, ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ಕುಲಸಚಿವರಿಗೆ ರವಾನಿಸಿತು. ಚಪ್ಪಾಳೆ ತಟ್ಟಿದೆವು. ಕುಲಸಚಿವರು ಸೂಕ್ತ ಕ್ರಮಕ್ಕಾಗಿ ಗ್ರಂಥಪಾಲಕರಿಗೆ, ಅವರು ವಾರ್ಡನ್ ಮೇಡಂಗೆ, ಮೇಡಂ ತೋಟಗಾರಿಕೆ ವಿಭಾಗಕ್ಕೆ ತಳ್ಳಿದರು. ಒಂದೊಂದು ತಳ್ಳಿಕೆಗೂ ಒಂದು ಹಾರ್ನು!

ಯಂತ್ರಕ್ಕೆ ರುಚಿ ಹತ್ತಿತು. ಮೆಸ್ಸಿನ ಸಾರಿನ ದೂರನ್ನು ರಸಾಯನಶಾಸ್ತ್ರಕ್ಕೆ ಕಳಿಸಿತು. ನಮ್ಮವ್ವ ಮರ್ಯಾದೆ ಬಿಟ್ಟು ಸಂಘದ ವಿಳಾಸಕ್ಕೇ ಹಾಕಿದ್ದ ವರನ ಫೋಟೋವನ್ನು ಪ್ರಾಣಿಶಾಸ್ತ್ರಕ್ಕೆ ಕಳಿಸಿತು. ‘ಮಾದರಿ ಸ್ವೀಕೃತವಾಗಿದೆ’ ಎಂದು ಅವರು ಉತ್ತರ ಬರೆದರು.

“ಮಾಮಾ, ಬಂದ್ ಮಾಡೋ!” ಎಂದು ಕೂಗಿದೆ.

“ಸ್ವಿಚ್ ಇಟ್ಟಿಲ್ಲವ್ವ. ಅರ್ಜಿ ಕೊಡಬೇಕು.”

‘ನಿಲ್ಲಿಸು’ ಎಂದು ಟೈಪಿಸಿದೆ. ಅದನ್ನದು ಸಾರಿಗೆ ವಿಭಾಗಕ್ಕೆ ರವಾನಿಸಿತು. ಕ್ಯಾಂಪಸ್ಸಿನ ಬಸ್ಸುಗಳೆಲ್ಲ ನಿಂತಲ್ಲೇ ನಿಂತವು.

ಐದು ದಾಟಿದ ಮೇಲೆ ಮನವಿ ಸುತ್ತಿ ಸುತ್ತಿ ಕುಲಪತಿಗಳನ್ನು ಮುಟ್ಟಿತು. ಅವರು ಓದಿದರೋ ಬಿಟ್ಟರೋ, ವಾಡಿಕೆಯಂತೆ ‘ಸೂಕ್ತ ಕ್ರಮಕ್ಕಾಗಿ’ ಎಂದು ಒತ್ತಿ ಯಂತ್ರಕ್ಕೆ ಮರಳಿಸಿದರು. ಯಂತ್ರ ಹುಡುಕಿತು. ಇಡೀ ವಿಶ್ವವಿದ್ಯಾಲಯದಲ್ಲಿ ಆ ಮನವಿ ಕಾಣದ ವಿಳಾಸ ಒಂದೂ ಉಳಿದಿರಲಿಲ್ಲ, ನಮ್ಮ ಸ್ವಂತದವು ಬಿಟ್ಟರೆ. ನಮ್ಮ ಫೋನುಗಳೆಲ್ಲ ಒಟ್ಟಿಗೇ ಕಿಣಿಕಿಣಿ ಎಂದವು: ಕುಲಪತಿಗಳಿಂದ, ‘ಸೂಕ್ತ ಕ್ರಮಕ್ಕಾಗಿ’.

“ಅಂದ್ರ ಕ್ರಮ ತಗೋಬೇಕಾದವರು ಯಾರ?” ಎಂದೆ.

ನೂರಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಆರಕ್ಕೆ ಗ್ರಂಥಾಲಯದ ಗಂಟೆ ಹೊಡೆಯಿತು. ಒಳಗೆ ಕೂತಿದ್ದ ನಮ್ಮಲ್ಲಿ ಯಾರೂ ಏಳಲಿಲ್ಲ. ವಾರ್ಡನ್ ಮೇಡಂ ಓಡಿ ಬಂದರು.

“ಏನ್ರೇ ಇದು?”

ನೂರಿ ಫೋನು ಮುಂದೆ ಹಿಡಿದಳು. “ಕುಲಪತಿಗಳು ಹೇಳ್ಯಾರ್ರಿ. ಕ್ರಮ ತಗೊಳ್ಳಾಕತ್ತೀವಿ.”

ಮೇಡಂ ಎರಡು ಸಲ ಓದಿದರು. “ನನಗೂ ಒಂದು ಪ್ರತಿ ಹಾಕ್ರಿ,” ಎಂದು ಹೊರಟುಹೋದರು. ಅಂದಿನಿಂದ ಒಂಬತ್ತರವರೆಗೆ ನಮ್ಮ ಕುರ್ಚಿ ನಮ್ಮದೇ.

ತಳ್ಳಲು ಏನೂ ಉಳಿಯದ ಕೂಡಂಚೆ ಕೊನೆಗೆ ತನ್ನನ್ನೇ ತಳ್ಳಿಕೊಂಡಿತು. ಹಾರ್ನು ಹೊಡೆಯುತ್ತ ಆಡಳಿತ ಭವನಕ್ಕೆ ಉರುಳಿ, ಕುಲಪತಿಗಳ ಕೋಣೆಯಲ್ಲಿ ಬೀಡುಬಿಟ್ಟಿದೆ. ಅದನ್ನು ತೆರವು ಮಾಡಿಸಲು ಅವರೇ ಅರ್ಜಿ ಹಾಕಿದ್ದಾರೆ. ಅರ್ಜಿ ಸದ್ಯ ತೋಟಗಾರಿಕೆ ವಿಭಾಗದಲ್ಲಿದೆ.